ಹಿಂದಿರುಗದವನ ದನಿ: ಗಾಥಿಕ್ ಕಥನ, ಏಕವ್ಯಕ್ತಿ ರಂಗಪ್ರಯೋಗ ಮತ್ತು ಕಡೂರು–ತರೀಕೆರೆ–ಅಜ್ಜಂಪುರ ಸೀಮೆಯ ಭಯದ ಕಥನಗಳು

ಪ್ರವೇಶ

ಒಬ್ಬನೇ ನಟ, ಒಂದೇ ದನಿ, ಸುತ್ತಲೂ ಕತ್ತಲೆ. ಇಷ್ಟನ್ನೇ ಬಂಡವಾಳವಾಗಿಟ್ಟುಕೊಂಡು ಪಾಶ್ಚಾತ್ಯ ರಂಗಭೂಮಿ ಗಾಥಿಕ್ ಸಾಹಿತ್ಯದ ಅಭಿಜಾತ ಕೃತಿಗಳನ್ನು ಮತ್ತೆ ಮತ್ತೆ ರಂಗಕ್ಕೆ ತಂದಿದೆ. ಇಂಥ ಏಕವ್ಯಕ್ತಿ ಪ್ರಯೋಗಗಳು ಈಗ ಕನ್ನಡದ ರಂಗಾಸಕ್ತರಿಗೂ ಅಪರಿಚಿತವಲ್ಲ. ಆದರೆ ಗಾಥಿಕ್ ಎಂದೊಡನೆ ಪಾಳುಬಿದ್ದ ಕೋಟೆ, ರಕ್ತ ಹೀರುವ ಪಿಶಾಚಿ, ಬಿರುಗಾಳಿಯ ರಾತ್ರಿ ಇವೇ ನೆನಪಿಗೆ ಬರುತ್ತವೆ. ಅವುಗಳಿಗೆ ಸಂವಾದಿಯಾಗಿ ನಮ್ಮಲ್ಲಿ ಏನಿದೆ ಎಂದು ಕೇಳಿದರೆ ದೆವ್ವದ ಕಥೆಗಳ ಪಟ್ಟಿಯೊಂದನ್ನು ಕೊಟ್ಟು ಸುಮ್ಮನಾಗುತ್ತೇವೆ. ಈ ಹೋಲಿಕೆ ಸಾಲದು ಎಂಬುದು ಪ್ರಸ್ತುತ ಲೇಖನದ ನಿಲುವು.

ಗಾಥಿಕ್ ಕಥನದ ಜೀವ ದೆವ್ವದಲ್ಲಿಲ್ಲ, ತೀರದ ಋಣದಲ್ಲಿದೆ. ಆ ಋಣವನ್ನು ಒಪ್ಪಿಕೊಳ್ಳಲು ಒಂದು ಒಂಟಿ ದನಿ ಬೇಕಾಗುತ್ತದೆ. ಹೀಗೆ ನೋಡಿದರೆ ಚಿಕ್ಕಮಗಳೂರು ಜಿಲ್ಲೆಯ ಪೂರ್ವ ಮತ್ತು ಉತ್ತರ ಭಾಗದ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಪ್ರದರ್ಶನ ಕಲೆಗಳು, ಕೆರೆಯ ಐತಿಹ್ಯಗಳು ಹಾಗೂ ಈ ಸೀಮೆಯ ಹೆಸರು ಹೊತ್ತ ಒಬ್ಬ ಕಥೆಗಾರರ ಕಥೆ ಹೊಸ ಅರ್ಥದಲ್ಲಿ ಕಾಣಿಸಿಕೊಳ್ಳುತ್ತವೆ. ಗಾಥಿಕ್ ಕಥನದ ಲಕ್ಷಣಗಳನ್ನೂ ಏಕವ್ಯಕ್ತಿ ಪ್ರದರ್ಶನದ ಸ್ವರೂಪವನ್ನೂ ಮೊದಲು ವಿವರಿಸಿ, ಅನಂತರ ಈ ಸೀಮೆಯ ಸಾಮಗ್ರಿಯನ್ನು ಪರಿಶೀಲಿಸಲಾಗಿದೆ.

ಗಾಥಿಕ್ ಕಥನ: ಸ್ಥೂಲ ಪರಿಚಯ

ಹೊರೇಸ್ ವಾಲ್‌ಪೋಲನ 'ದಿ ಕ್ಯಾಸಲ್ ಆಫ್ ಓಟ್ರಾಂಟೊ' 1764ರ ಕೊನೆಯಲ್ಲಿ ಪ್ರಕಟವಾಯಿತು. ಮರುವರ್ಷದ ಎರಡನೆಯ ಆವೃತ್ತಿಯಲ್ಲಿ ಅದನ್ನು 'ಗಾಥಿಕ್ ಕಥೆ' ಎಂದು ಕರೆಯಲಾಯಿತು. ಈ ಪ್ರಕಾರದ ಹೆಸರಿಗೆ ಅದೇ ಮೂಲ. ಮದುವೆಯ ದಿನವೇ ಅರಸುಮನೆತನದ ಉತ್ತರಾಧಿಕಾರಿಯ ಮೇಲೆ ಬೃಹತ್ ಶಿರಸ್ತ್ರಾಣವೊಂದು ಬಿದ್ದು ಅವನು ಸಾಯುವುದರೊಂದಿಗೆ ಆ ಕಾದಂಬರಿ ಆರಂಭವಾಗುತ್ತದೆ. ಆ ಮನೆತನ ಹಿಂದೊಮ್ಮೆ ಅನ್ಯರಿಂದ ಕಸಿದುಕೊಂಡ ರಾಜ್ಯವೇ ಸಾವಿಗೆ ಕಾರಣವೆಂಬುದು ಕೊನೆಯಲ್ಲಿ ತಿಳಿಯುತ್ತದೆ. ಅಜ್ಜ ಮಾಡಿದ ಅಪರಾಧವನ್ನು ಮೊಮ್ಮಗ ತೀರಿಸಬೇಕೆಂಬ ಈ ಆಶಯ ಮುಂದಿನ ಗಾಥಿಕ್ ಕೃತಿಗಳಲ್ಲೆಲ್ಲ ಒಂದಲ್ಲ ಒಂದು ರೂಪದಲ್ಲಿ ಮುಂದುವರಿದಿದೆ.

ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' (1818), ಎಡ್ಗರ್ ಅಲನ್ ಪೋನ 'ದಿ ಟೆಲ್-ಟೇಲ್ ಹಾರ್ಟ್' (1843), ಸ್ಟೀವನ್‌ಸನ್ನನ 'ಡಾ. ಜೆಕಿಲ್ ಮತ್ತು ಮಿ. ಹೈಡ್' (1886), ಆಸ್ಕರ್ ವೈಲ್ಡನ 'ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ' (ಪುಸ್ತಕರೂಪದಲ್ಲಿ 1891), ಬ್ರಾಮ್ ಸ್ಟೋಕರನ 'ಡ್ರಾಕುಲಾ' (1897) ಈ ಪರಂಪರೆಯ ಮುಖ್ಯ ಕೃತಿಗಳು. ಇವುಗಳಲ್ಲಿ ಒಂದು ಸಮಾನ ಅಂಶ ಕಂಡುಬರುತ್ತದೆ. ಭಯವನ್ನು ಸರ್ವಜ್ಞ ನಿರೂಪಕ ದೂರ ನಿಂತು ವರ್ಣಿಸುವುದು ಇಲ್ಲಿ ಕಡಿಮೆ. ಪತ್ರ, ದಿನಚರಿ, ತಪ್ಪೊಪ್ಪಿಗೆ, ಒಬ್ಬನ ಬಾಯಿಂದ ಕೇಳಿ ಇನ್ನೊಬ್ಬ ಬರೆದಿಟ್ಟ ಹೇಳಿಕೆ ಇವೇ ಕಥನದ ಮಾಧ್ಯಮಗಳು. ಪೋನ ನಿರೂಪಕ ತಾನು ಹುಚ್ಚನಲ್ಲವೆಂದು ಸಾಧಿಸುವ ಭರದಲ್ಲಿಯೇ ತಾನು ಮಾಡಿದ ಕೊಲೆಯ ವಿವರವನ್ನೆಲ್ಲ ಹೇಳಿಬಿಡುತ್ತಾನೆ. ಜೆಕಿಲನ ರಹಸ್ಯ ಪೂರ್ಣವಾಗಿ ಹೊರಬೀಳುವುದು ಅವನು ಬರೆದಿಟ್ಟ ಹೇಳಿಕೆಯಿಂದ. ಹೀಗಾಗಿ ಗಾಥಿಕ್ ಕಥನ ಬರೆದ ಸಾಹಿತ್ಯವಾಗಿದ್ದೂ ಮಾತಿನ ಕಡೆಗೆ, ಅಂದರೆ ಒಬ್ಬ ಹೇಳುವವನ ಕಡೆಗೆ, ವಾಲಿರುವ ಸಾಹಿತ್ಯ. ಏಕವ್ಯಕ್ತಿ ರಂಗಕ್ಕೆ ಅದು ಸುಲಭವಾಗಿ ಒಗ್ಗಿದ್ದಕ್ಕೆ ಇದೇ ಕಾರಣ.

ಒಂಟಿ ನಟನ ಪರಂಪರೆ

ಚಾರ್ಲ್ಸ್ ಡಿಕನ್ಸ್ 1869ರಿಂದ ತನ್ನ 'ಆಲಿವರ್ ಟ್ವಿಸ್ಟ್' ಕಾದಂಬರಿಯ ನ್ಯಾನ್ಸಿಯ ಕೊಲೆಯ ಭಾಗವನ್ನು ಸಾರ್ವಜನಿಕ ವೇದಿಕೆಗಳಲ್ಲಿ ತಾನೊಬ್ಬನೇ ಓದಿ ಅಭಿನಯಿಸುತ್ತಿದ್ದ. ಕೊಲೆಗಾರ, ಕೊಲೆಯಾಗುವವಳು, ನಿರೂಪಕ ಮೂವರ ದನಿಯೂ ಅವನದೇ. ಆ ವಾಚನ ಅವನ ಆರೋಗ್ಯವನ್ನೇ ಕುಗ್ಗಿಸಿತೆಂದು ಜೀವನಚರಿತ್ರಕಾರರು ಹೇಳುತ್ತಾರೆ. 1970ರಲ್ಲಿ ನಟ ವಿನ್ಸೆಂಟ್ ಪ್ರೈಸ್ ಪೋನ ನಾಲ್ಕು ಕಥೆಗಳನ್ನು ಒಬ್ಬನೇ ಅಭಿನಯಿಸಿದ ದೂರದರ್ಶನ ಪ್ರಯೋಗ ಪ್ರಸಿದ್ಧವಾಯಿತು. ಆಸ್ಟ್ರೇಲಿಯಾದ ಕಿಪ್ ವಿಲಿಯಮ್ಸ್ 2020ರಲ್ಲಿ ಸಿಡ್ನಿಯಲ್ಲಿ ರೂಪಿಸಿದ 'ಡೋರಿಯನ್ ಗ್ರೇ' ಪ್ರಯೋಗದಲ್ಲಿ ಒಬ್ಬಳೇ ನಟಿ 26 ಪಾತ್ರಗಳನ್ನು ನಿರ್ವಹಿಸುತ್ತಾಳೆ. ಇದೇ ಪ್ರಯೋಗವನ್ನು 2024ರಲ್ಲಿ ಲಂಡನ್ನಿನಲ್ಲಿಯೂ 2025ರಲ್ಲಿ ನ್ಯೂಯಾರ್ಕಿನಲ್ಲಿಯೂ ಅಭಿನಯಿಸಿದ ಸಾರಾ ಸ್ನೂಕ್ ಅವರಿಗೆ ಟೋನಿ ಪ್ರಶಸ್ತಿ ದೊರೆಯಿತು. ವೇದಿಕೆಯ ಮೇಲಿನ ಪರದೆಗಳಲ್ಲಿ ಅದೇ ನಟಿಯ ಬೇರೆ ಬೇರೆ ಮುಖಗಳು ಅವಳೊಂದಿಗೆ ಮಾತಿಗಿಳಿಯುವುದು ಆ ಪ್ರಯೋಗದ ತಂತ್ರ.

ಭಾರತೀಯ ನಾಟ್ಯಪರಂಪರೆಗೂ ಒಂಟಿ ನಟ ಹೊಸಬನಲ್ಲ. ದಶರೂಪಕಗಳಲ್ಲಿ ಒಂದಾದ ಭಾಣ ಏಕಪಾತ್ರದ ಏಕಾಂಕ. ಕಾಣದ ವ್ಯಕ್ತಿಯೊಂದಿಗೆ ಮಾತನಾಡಿ, ಅವನ ಉತ್ತರವನ್ನು ತಾನೇ ಕೇಳಿಸಿಕೊಂಡಂತೆ ನಟಿಸಿ ಮತ್ತೆ ಹೇಳುವ 'ಆಕಾಶಭಾಷಿತ' ಅದರ ಮುಖ್ಯ ಸಾಧನ. ಆದರೆ ಭಾಣಕ್ಕೆ ನಿಯಮಿತವಾದ ರಸಗಳು ಶೃಂಗಾರ ಮತ್ತು ವೀರ, ನಾಯಕ ವಿಟ. ಭರತ ಬೀಭತ್ಸದಿಂದ ಹುಟ್ಟುತ್ತದೆಂದು ಹೇಳಿದ ಭಯಾನಕಕ್ಕೆ ಅಲ್ಲಿ ಮುಖ್ಯ ಸ್ಥಾನವಿಲ್ಲ. ಶಾಸ್ತ್ರ ಒಂಟಿ ನಟನಿಗೆ ವಹಿಸದ ಈ ಕೆಲಸವನ್ನು ನಮ್ಮ ಜನಪದ ಕಲಾವಿದರು ವಹಿಸಿಕೊಂಡಿದ್ದಾರೆ. ಇದನ್ನು ಮುಂದೆ ನೋಡಬಹುದು.

ಆಧುನಿಕ ಕನ್ನಡ ರಂಗಭೂಮಿಯಲ್ಲಿ ಗಾಥಿಕ್ ಕಥನಕ್ಕೆ ಅತ್ಯಂತ ಸಮೀಪವಾದ ಏಕವ್ಯಕ್ತಿ ನಾಟಕ ಗಿರೀಶ ಕಾರ್ನಾಡರ 'ಒಡಕಲು ಬಿಂಬ'. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಅರುಂಧತಿ ನಾಗ್ ಅವರ ಅಭಿನಯದಲ್ಲಿ ಇದು ರಂಗಕ್ಕೆ ಬಂದಿತು. ಇಂಗ್ಲಿಷ್ ಕಾದಂಬರಿಯೊಂದರಿಂದ ಖ್ಯಾತಿ ಪಡೆದ ಕನ್ನಡ ಲೇಖಕಿ ಮಂಜುಳಾ ನಾಯಕ್ ದೂರದರ್ಶನದಲ್ಲಿ ಭಾಷಣ ಮುಗಿಸಿ ಏಳುವ ಹೊತ್ತಿಗೆ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ಪ್ರಶ್ನಿಸತೊಡಗುತ್ತದೆ. ಅಂಗವಿಕಲೆಯಾಗಿದ್ದು ತೀರಿಕೊಂಡ ತಂಗಿ ಮಾಲಿನಿಯ ಸಂಗತಿ ಮೆಲ್ಲಮೆಲ್ಲನೆ ಹೊರಬರುತ್ತದೆ. ಕೊನೆಗೆ ಕಾದಂಬರಿ ಯಾರದೆಂಬ ಸತ್ಯವೂ ಬಯಲಾಗುತ್ತದೆ. ಇಲ್ಲಿ ಕೋಟೆಯಿಲ್ಲ, ಪಿಶಾಚಿಯಿಲ್ಲ. ಆದರೆ ಸತ್ತವಳಿಗೆ ಸಲ್ಲಬೇಕಾದುದನ್ನು ಬದುಕಿದವಳು ಅನುಭವಿಸುತ್ತಿದ್ದಾಳೆ, ಆ ಬಾಕಿಯನ್ನು ಕೇಳಲು ಬಂದಿರುವುದು ಅವಳದೇ ಮುಖ. ಜೆಕಿಲ್ ಮತ್ತು ಡೋರಿಯನ್ ಗ್ರೇ ಕೃತಿಗಳ ಪ್ರತಿರೂಪದ ಆಶಯದೊಂದಿಗೆ ಇದನ್ನು ಹೋಲಿಸಿ ನೋಡುವುದು ಉಚಿತ. ದೆವ್ವವಿಲ್ಲದೆಯೂ ಒಬ್ಬಳೇ ನಟಿ ಈ ಬಗೆಯ ಭಯವನ್ನು ಕಟ್ಟಬಲ್ಲಳೆಂಬುದಕ್ಕೆ ಈ ನಾಟಕವೇ ಕನ್ನಡದ ಸಾಕ್ಷಿ.

ಸೀಮೆಯ ಸ್ವರೂಪ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಅಜ್ಜಂಪುರ 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗಿ ರೂಪುಗೊಂಡಿತು. ಪಶ್ಚಿಮಕ್ಕೆ ಬಾಬಾಬುಡನ್ ಗಿರಿಸಾಲಿನ ಮಳೆಕಾಡು, ಪೂರ್ವಕ್ಕೆ ಮಳೆಯ ನೆರಳಿನ ಬಯಲು. ಮಲೆನಾಡು ಮತ್ತು ಬಯಲುಸೀಮೆ ಕೂಡುವ ಅಂಚು ಇದು. ಬೆಟ್ಟದಲ್ಲಿ ಹುಟ್ಟಿದ ವೇದಾ ನದಿ ಸಖರಾಯಪಟ್ಟಣದ ಬಳಿ ಅಯ್ಯನಕೆರೆಯನ್ನೂ ಅವತಿ ನದಿ ಮದಗದಕೆರೆಯನ್ನೂ ತುಂಬುತ್ತವೆ. ಇವೆರಡೂ ಕಡೂರಿನ ಸಮೀಪ ಕೂಡಿ ವೇದಾವತಿಯಾಗಿ ಚಿತ್ರದುರ್ಗದ ಕಡೆಗೆ ಹರಿಯುತ್ತವೆ. ಬಯಲಿನ ಬೇಸಾಯವೆಲ್ಲ ಈ ಕೆರೆಗಳನ್ನೇ ನಂಬಿಕೊಂಡಿತ್ತು. ಆದ್ದರಿಂದ ಈ ಸೀಮೆಯಲ್ಲಿ ಅತಿ ದೊಡ್ಡ ಭಯ ಕೆರೆ ಬತ್ತುವ ಭಯ. ಅದಕ್ಕಿಂತಲೂ ದೊಡ್ಡದು ಕೆರೆ ಒಡೆಯುವ ಭಯ. ಕನ್ನಡನಾಡಿನಲ್ಲೆಲ್ಲ ಹಬ್ಬಿರುವ ಮದಗದ ಕೆರೆಯ ಹಾಡನ್ನು ಕಡೂರಿನವರು ತಮ್ಮ ಮದಗದಕೆರೆಗೂ ಹಾವೇರಿ ಜಿಲ್ಲೆಯವರು ಮದಗ–ಮಾಸೂರಿನ ಕೆರೆಗೂ ಜೋಡಿಸಿಕೊಳ್ಳುತ್ತಾರೆ. ಮಳೆಯನ್ನು ಬೇಡಿಕೊಂಡ ಜನ ಮಳೆಗೇ ಹೆದರುವ ಸನ್ನಿವೇಶ ಆ ಹಾಡಿನ ಹಿನ್ನೆಲೆಯಲ್ಲಿದೆ.

ಗಾಥಿಕ್ ಕಥನಕ್ಕೆ ಬೇಕೆನಿಸುವ ಹೊರಗಿನ ಸಾಮಗ್ರಿಯೂ ಇಲ್ಲಿ ಇಲ್ಲದಿಲ್ಲ. ತರೀಕೆರೆ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ದೇವಾಲಯವಿದೆ. ತರೀಕೆರೆಯ ಪಾಳೆಯಗಾರ ಮನೆತನ 1830ರ ನಗರ ದಂಗೆಯಲ್ಲಿ ಭಾಗವಹಿಸಿ ನೆಲೆ ಕಳೆದುಕೊಂಡಿತು. ಆದರೆ ಜನರ ಕಥನದಲ್ಲಿ ಭಯದ ನೆಲೆ ಕೋಟೆಗಿಂತ ಹೆಚ್ಚಾಗಿ ಕೆರೆಯ ಏರಿಯಲ್ಲಿದೆ, ತೂಬಿನ ಬಳಿಯಲ್ಲಿದೆ.

ಒಂಟಿ ವೇಷಗಳು: ಬುಡಬುಡಿಕೆ ಮತ್ತು ವೀರಗಾಸೆ

ಬೆಳಗಿನ ಜಾವ, ಊರು ಏಳುವ ಮೊದಲೇ ಬುಡಬುಡಿಕೆಯವನು ಬರುತ್ತಾನೆ. ತಲೆಗೆ ರುಮಾಲು, ತೇಪೆ ಹಾಕಿದ ಉದ್ದನೆಯ ಅಂಗಿ, ಕೈಯಲ್ಲಿ ಸಣ್ಣ ಡಮರು. ಸ್ಮಶಾನದಲ್ಲಿ ಹಾಲಕ್ಕಿಯ ನುಡಿ ಕೇಳಿ ಬಂದೆನೆಂಬುದು ಅವನ ಮಾತಿನ ಅಧಿಕಾರದ ಮೂಲ. ಬಾಗಿಲು ಮುಚ್ಚಿದ ಮನೆಯ ಮುಂದೆ ನಿಂತು ಮನೆಯೊಡೆಯನಿಗೆ ಬರಲಿರುವ ಒಳಿತು ಕೆಡಕನ್ನು ಒಂದೇ ಉಸಿರಿನಲ್ಲಿ ನುಡಿದು ಮುಂದಿನ ಮನೆಗೆ ಹೋಗುತ್ತಾನೆ. ಒಳಗಿನವರು ಹಾಸಿಗೆಯಲ್ಲಿಯೇ ಕೇಳಿಸಿಕೊಳ್ಳುತ್ತಾರೆ. ಅವನನ್ನು ನೋಡುವುದಿಲ್ಲ, ಮರುಮಾತೂ ಆಡುವುದಿಲ್ಲ. ಬೆಳಕು ಹರಿದ ಮೇಲೆ ಅದೇ ವ್ಯಕ್ತಿ ಅದೇ ಮನೆಗೆ ಮತ್ತೆ ಬಂದು ಕಾಳುಕಡ್ಡಿ, ಹಳೆಬಟ್ಟೆ ಪಡೆಯುತ್ತಾನೆ.

ಪ್ರದರ್ಶನದ ದೃಷ್ಟಿಯಿಂದ ಇದು ಎರಡು ಅಂಕಗಳ ಏಕವ್ಯಕ್ತಿ ಪ್ರಯೋಗ. ಮೊದಲನೆಯ ಅಂಕದಲ್ಲಿ ಕಾಣದ ದನಿ ಮಾತ್ರವಿದೆ. ಎರಡನೆಯದರಲ್ಲಿ ಕಾಣುವ ಬಡವನಿದ್ದಾನೆ. ಸತ್ತವರ ನೆಲದಿಂದ ಸುದ್ದಿ ತಂದವನಿಗೆ ಬದುಕಿದವರು ಕೊಡಬೇಕಾದ ಬಾಕಿಯಿದೆ, ಅದನ್ನು ಹಗಲಿನಲ್ಲಿ ತೀರಿಸಬೇಕು. ಭಯವನ್ನೂ ಋಣವನ್ನೂ ಹೀಗೆ ಕಾಲದ ಅಂತರದಲ್ಲಿ ಜೋಡಿಸಿರುವುದು ಗಮನಾರ್ಹ. ಸ್ಮಶಾನದ ಸಂಬಂಧದಿಂದಲೇ ಹೆಸರು ಪಡೆದ ಸುಡುಗಾಡು ಸಿದ್ಧರ ಕೈಚಳಕದ ಆಟವನ್ನೂ ಈ ಸಂದರ್ಭದಲ್ಲಿ ನೆನೆಯಬಹುದು. ಸಾವಿನ ನೆಲದೊಂದಿಗಿನ ನಂಟು ಈ ಸಮುದಾಯಗಳಿಗೆ ಪ್ರದರ್ಶನದ ಬಲವನ್ನು ಕೊಟ್ಟಂತೆ ಸಾಮಾಜಿಕ ಕಳಂಕವನ್ನೂ ಅಂಟಿಸಿದೆ ಎಂಬುದನ್ನು ಮರೆಯುವಂತಿಲ್ಲ.

ವೀರಗಾಸೆ ಸಮೂಹ ಕುಣಿತ. ಆದರೂ ಅದರ ನಡುವೆ ಒಂಟಿ ದನಿಯ ಘಳಿಗೆಯೊಂದಿದೆ. ಕರಡೆ, ಚಮಾಳಗಳ ಬಡಿತ ನಿಂತೊಡನೆ ಖಡ್ಗ ಹಿಡಿದ ಒಬ್ಬ ಮುಂದೆ ಬಂದು ಒಡಪು ಹೇಳುತ್ತಾನೆ. ದಕ್ಷನ ಯಾಗ, ದಾಕ್ಷಾಯಿಣಿಯ ಅವಮಾನ ಮತ್ತು ಮರಣ, ಶಿವನ ಜಟೆಯಿಂದ ವೀರಭದ್ರನ ಜನನ, ದಕ್ಷನ ಶಿರಚ್ಛೇದ, ಕೊನೆಗೆ ಕುರಿಯ ತಲೆ. ಇದೆಲ್ಲವೂ ಒಬ್ಬನ ಬಾಯಲ್ಲಿ ನಡೆಯುತ್ತದೆ. ಒಮ್ಮೆ ಅವನು ಕಥೆ ಹೇಳುವ ಭಕ್ತ. ಮರುಕ್ಷಣ ಅವನೇ ವೀರಭದ್ರ. ಕಥೆಯ ತಿರುಳು ಮಗಳ ಸಾವಿಗೆ ತಂದೆ ತೆರಬೇಕಾದ ಬೆಲೆ. ಇಲ್ಲಿ ಬೀಭತ್ಸ, ರೌದ್ರ, ಭಯಾನಕ ಮೂರೂ ಇವೆ. ಆದರೆ ಕಥೆ ತೀರ್ಪಿನಲ್ಲಿ ಮುಗಿಯುತ್ತದೆ. ಅಪರಾಧಿ ಶಿಕ್ಷೆ ಪಡೆಯುತ್ತಾನೆ, ಬಾಕಿ ಸಲ್ಲುತ್ತದೆ. ಆದ್ದರಿಂದ ಕೇಳುಗ ನಿರಾಳನಾಗಿ ಮನೆಗೆ ಹೋಗಬಲ್ಲ. ಇದೇ ಸೀಮೆಯ ಕೆರೆಯ ಐತಿಹ್ಯಗಳು ಅಂಥ ನಿರಾಳತೆಯನ್ನು ಕೊಡುವುದಿಲ್ಲ.

ಹೊನ್ನಬಿಲ್ಲನ ಐತಿಹ್ಯ

ಕಡೂರು ತಾಲ್ಲೂಕಿನ ಸಖರಾಯಪಟ್ಟಣವನ್ನು ಜನ ರುಕ್ಮಾಂಗದರಾಯನ ರಾಜಧಾನಿಯೆಂದು ನಂಬುತ್ತಾರೆ. ಅಲ್ಲಿಯ ರಂಗನಾಥ ದೇವಾಲಯದ ಎದುರು ಹೊನ್ನಬಿಲ್ಲನ ನೆಲೆಯಿದೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಕೂಡ ಅವನನ್ನು ಉಲ್ಲೇಖಿಸುತ್ತದೆ. ಐತಿಹ್ಯದ ಸಾರ ಹೀಗಿದೆ.

ಹೊನ್ನಬಿಲ್ಲ ಅಯ್ಯನಕೆರೆಯ ಕಾವಲಿನ ನೀರಗಂಟಿ. ಒಂದು ರಾತ್ರಿ ಕೆರೆಯ ದೇವತೆ ಅವನಿಗೆ ಕಾಣಿಸಿಕೊಂಡು ತಾನು ಏರಿಯನ್ನು ಒಡೆದು ಹೊರಡುವುದಾಗಿ ಹೇಳುತ್ತಾಳೆ. ಊರಿಗೆ ತಿಳಿಸಿ ಬರುತ್ತೇನೆ, ನಾನು ಹಿಂದಿರುಗುವವರೆಗೆ ಕಾಯಬೇಕೆಂದು ಅವನು ಬೇಡಿಕೊಳ್ಳುತ್ತಾನೆ. ದೇವತೆ ಒಪ್ಪುತ್ತಾಳೆ. ಅವನು ಪಟ್ಟಣಕ್ಕೆ ಓಡಿ ಅರಸನಿಗೆ ಸುದ್ದಿ ಮುಟ್ಟಿಸುತ್ತಾನೆ. ಅವನು ಹಿಂದಿರುಗದಿದ್ದರೆ ದೇವತೆ ಎಂದೆಂದಿಗೂ ಕಾಯಬೇಕಾಗುತ್ತದೆ. ಈ ಲೆಕ್ಕ ಹೊಳೆದ ಕೂಡಲೇ ಸುದ್ದಿ ತಂದವನನ್ನೇ ಕೊಲ್ಲಿಸಲಾಗುತ್ತದೆ. ಕೆರೆ ಉಳಿಯುತ್ತದೆ.

ಊರನ್ನು ಬಿಟ್ಟು ಹೊರಟ ಲಕ್ಷ್ಮಿಯನ್ನು ಕಾವಲುಗಾರನೊಬ್ಬ ಇದೇ ಮಾತಿನಿಂದ ತಡೆದ, ಅರಸ ಅವನ ತಲೆ ತೆಗೆಸಿದ ಎಂಬ ಐತಿಹ್ಯ ಹೈದರಾಬಾದಿನ ಚಾರ್‌ಮಿನಾರಿನ ಬಗೆಗೂ ಇದೆ. ಹೀಗೆ ಇದು ದಖ್ಖನ್ನಿನಲ್ಲಿ ಸಂಚರಿಸುವ ಆಶಯ. ಆದರೆ ಅಯ್ಯನಕೆರೆಯಲ್ಲಿ ಅದು ನೀರಿಗೆ ಅಂಟಿಕೊಂಡಿರುವುದರಿಂದ ಅದರ ಭಾರ ಬೇರೆಯಾಗಿದೆ.

ಈ ಐತಿಹ್ಯದ ಭಯ ಎಲ್ಲಿದೆ? ದೇವತೆಯಲ್ಲಿ ಇಲ್ಲ. ಅವಳು ಮೊದಲೇ ಎಚ್ಚರಿಕೆ ಕೊಟ್ಟಳು, ಒಬ್ಬ ನೀರಗಂಟಿಯ ಬೇಡಿಕೆಗೆ ಓಗೊಟ್ಟಳು, ಕೊಟ್ಟ ಮಾತಿಗೆ ಇಂದಿಗೂ ಕಟ್ಟುಬಿದ್ದಿದ್ದಾಳೆ. ಭಯ ಇರುವುದು ಊರಿನ ಲೆಕ್ಕದಲ್ಲಿ. ಗಾಥಿಕ್ ಕಥನದಲ್ಲಿ ಅಲೌಕಿಕ ಶಕ್ತಿ ಮನುಷ್ಯನ ಒಪ್ಪಂದವನ್ನು ಮುರಿದು ಒಳನುಗ್ಗುತ್ತದೆ. ಇಲ್ಲಿ ಒಪ್ಪಂದವನ್ನು ಮುರಿದವರು ಮನುಷ್ಯರು, ಪಾಲಿಸುತ್ತಿರುವವಳು ದೇವತೆ. ವಾಲ್‌ಪೋಲನ ಕಥೆಯಲ್ಲಿ ಋಣ ಒಂದು ಮನೆತನದ್ದು. ಮನೆತನ ಅಳಿದರೆ ಋಣವೂ ತೀರಿತು. ಅಯ್ಯನಕೆರೆಯ ಋಣ ಆ ನೀರನ್ನು ಉಂಡವರೆಲ್ಲರದು. ಪ್ರತಿ ಬೆಳೆಯೊಂದಿಗೆ ಅದು ಮುಂದಿನ ತಲೆಮಾರಿಗೆ ಸಾಗುತ್ತದೆ. ಕೊಂದವರೇ ಕೊಲೆಯಾದವನಿಗೆ ನೆಲೆ ಕಟ್ಟಿ ಪೂಜಿಸುವ ನಡವಳಿಕೆಯನ್ನು ಈ ಋಣದ ಒಪ್ಪಿಗೆಯಾಗಿಯೂ ಅದನ್ನು ಮುಚ್ಚುವ ಪ್ರಯತ್ನವಾಗಿಯೂ ಓದಬಹುದು.

ಇನ್ನೊಂದು ಅಂಶವೂ ಇದೆ. ಹಳೆಯ ಮೈಸೂರಿನ ಗ್ರಾಮವ್ಯವಸ್ಥೆಯಲ್ಲಿ ನೀರಗಂಟಿಯ ಕೆಲಸ ಬಹುಮಟ್ಟಿಗೆ ದಲಿತ ಸಮುದಾಯಗಳ ಪಾಲಿಗಿತ್ತು. ತೂಬು ತೆಗೆದು ಮುಚ್ಚುವವನು ಅವನು, ಏರಿಯ ಬಿರುಕನ್ನು ಮೊದಲು ಕಾಣುವವನು ಅವನು. ಆದರೆ ಗದ್ದೆಯ ಒಡೆತನ ಅವನದಲ್ಲ. ಬಲಿಯಾಗಬಲ್ಲವರು ಯಾರೆಂಬುದನ್ನು ಐತಿಹ್ಯ ಬಹಳ ಸ್ಪಷ್ಟವಾಗಿ ಬಲ್ಲದು. 'ಕೆರೆಗೆ ಹಾರ' ಲಾವಣಿಯಲ್ಲಿ ನೀರಿಗೆ ಸಲ್ಲುವವಳು ಗೌಡನ ಕಿರಿಸೊಸೆ ಭಾಗೀರಥಿ. ಹಿರಿಯರಿಗೆಲ್ಲ ತಪ್ಪಿಸಿಕೊಳ್ಳುವ ದಾರಿಯಿದೆ, ಅವಳಿಗಿಲ್ಲ. ಊರು ಉಳಿಯಲು ಒಬ್ಬರು ಬೇಕು. ಆ ಒಬ್ಬರು ಊರಿನಲ್ಲಿ ಎಲ್ಲರಿಗಿಂತ ಕಡಿಮೆ ಮಾತುಳ್ಳವರು.

ಐತಿಹ್ಯ ಹೇಳುವ ಭಾಷೆಯನ್ನೂ ಗಮನಿಸಬೇಕು. 'ಅವನನ್ನು ಕೊಂದರು' ಎಂದು ಹೇಳುವುದಕ್ಕೂ 'ಅವನು ತಿರುಗಿ ಹೋಗಲಿಲ್ಲ' ಎಂದು ಹೇಳುವುದಕ್ಕೂ ಅಜಗಜಾಂತರವಿದೆ. ಎರಡನೆಯ ವಾಕ್ಯದಲ್ಲಿ ಕೊಂದ ಕೈ ಮಾಯವಾಗುತ್ತದೆ, ಸತ್ತವನೇ ಕರ್ತೃವಾಗಿ ನಿಲ್ಲುತ್ತಾನೆ. ಇಂಥ ಬಲಿಯ ಐತಿಹ್ಯಗಳು ಕಾಲಕ್ರಮದಲ್ಲಿ ಸ್ವಇಚ್ಛೆಯ ತ್ಯಾಗದ ಕಥೆಗಳಾಗಿ ಮಾರ್ಪಡುವುದಕ್ಕೆ ಇದೇ ದಾರಿ. ಹೇಳುವವನು ಯಾವ ವಾಕ್ಯವನ್ನು ಆರಿಸಿಕೊಳ್ಳುತ್ತಾನೆ, ಎಲ್ಲಿ ನಿಲ್ಲಿಸುತ್ತಾನೆ, ಯಾವ ಮಾತನ್ನು ನುಂಗುತ್ತಾನೆ ಎಂಬುದರಲ್ಲಿ ಕಥೆಯ ಅರ್ಧ ಅರ್ಥವಿದೆ. ಕ್ಷೇತ್ರಕಾರ್ಯದಲ್ಲಿ ಪಠ್ಯವನ್ನು ಬರೆದುಕೊಳ್ಳುವ ಅವಸರದಲ್ಲಿ ನಮ್ಮ ತಲೆಮಾರಿನವರು ಇಂಥ ಮೌನಗಳನ್ನು ಬಿಟ್ಟು ಬಂದಿದ್ದೇವೆ. ಈ ಲೇಖಕನ ಸಂಗ್ರಹದ ಟಿಪ್ಪಣಿಗಳೂ ಇದಕ್ಕೆ ಹೊರತಲ್ಲ.

ಅಜ್ಜಂಪುರದ ಹೆಸರಿನ ಕಥೆಗಾರ

ಹೆಸರಿನಲ್ಲಿಯೇ ಅಜ್ಜಂಪುರವನ್ನು ಹೊತ್ತ ಕಥೆಗಾರ ಅಜ್ಜಂಪುರ ಸೀತಾರಾಂ (1902–1963) 'ಆನಂದ' ಎಂಬ ಕಾವ್ಯನಾಮದಿಂದ ಪ್ರಸಿದ್ಧರು. ದಾಂಪತ್ಯದ ಸರಸವನ್ನು ಬರೆದವರೆಂದು ಅವರನ್ನು ಗುರುತಿಸುವುದು ವಾಡಿಕೆ. ಆದರೆ 'ಮಾಟಗಾತಿ', 'ಜೋಯಿಸರ ಚೌಡಿ' ಎಂಬಂಥ ಶೀರ್ಷಿಕೆಗಳು ಜನಪದ ಭಯಲೋಕ ಅವರಿಗೆ ಪರಿಚಿತವಾಗಿತ್ತೆಂಬುದನ್ನು ಸೂಚಿಸುತ್ತವೆ. ಅವರ ಅತ್ಯಂತ ಪ್ರಸಿದ್ಧ ಕಥೆ 'ನಾನು ಕೊಂದ ಹುಡುಗಿ'. ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು ಅದೇ.

ಪ್ರಾಚೀನ ದೇವಾಲಯಗಳನ್ನು ನೋಡುತ್ತ ಹಳ್ಳಿಗಳಲ್ಲಿ ಸಂಚರಿಸುವ ವಿದ್ಯಾವಂತನೊಬ್ಬ ಪಟೇಲರ ಮನೆಯಲ್ಲಿ ಅತಿಥಿಯಾಗುತ್ತಾನೆ. ಅವರ ಮಗಳು ಹರಕೆಯ ಕಾರಣದಿಂದ ಬಸವಿಯಾದವಳು. ರಾತ್ರಿ ಅವಳು ಅವನ ಕೋಣೆಗೆ ಬರುತ್ತಾಳೆ. ಅವನು ಅವಳನ್ನು ಮುಟ್ಟುವುದಿಲ್ಲ. ಆ ಪದ್ಧತಿ ಎಷ್ಟು ಹೀನವೆಂದು ತಿಳಿಹೇಳುತ್ತಾನೆ. ಅವಳಿಗೆ ಅದು ಅರ್ಥವಾಗುತ್ತದೆ. ಬೆಳಗಾದಾಗ ಅವಳ ಹೆಣ ಬಾವಿಯಲ್ಲಿ ದೊರೆಯುತ್ತದೆ.

ಈ ಕಥೆಯಲ್ಲಿ ಗಾಥಿಕ್ ಕಥನದ ಬಾಹ್ಯ ಚೌಕಟ್ಟು ಪೂರ್ತಿಯಾಗಿದೆ. ಅಪರಿಚಿತ ಊರಿಗೆ ಬಂದ ಪ್ರವಾಸಿ, ಹಳೆಯ ಕಟ್ಟಡಗಳ ಆಕರ್ಷಣೆ, ಆತಿಥ್ಯ ನೀಡುವ ದೊಡ್ಡಮನೆ, ಮನೆಯೊಳಗಿನ ಗುಟ್ಟು, ನಡುರಾತ್ರಿಯ ಭೇಟಿ, ಬೆಳಗಿನ ಹೆಣ. ಡ್ರಾಕುಲಾನ ಕೋಟೆಗೆ ಹೋದ ಜೊನಾಥನ್ ಹಾರ್ಕರನ ದಿನಚರಿಯೂ ಹೀಗೆಯೇ ತೆರೆದುಕೊಳ್ಳುತ್ತದೆ. ಆದರೆ ಹಾರ್ಕರ್ ಅಪಾಯಕ್ಕೆ ಸಿಕ್ಕಿದ ಅತಿಥಿ. ಆನಂದರ ಕಥೆಯಲ್ಲಿ ಅತಿಥಿಯೇ ಅಪಾಯ. ಅವನು ತಂದ ಬೆಳಕೇ ಕೊಲ್ಲುತ್ತದೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ಕಥೆ ಅದಕ್ಕಿಂತ ಬಹಳ ಹಿಂದಿನದು. ಪದ್ಧತಿ ತಪ್ಪೆಂದು ಹೇಳಿದ್ದು ಸರಿ. ಆದರೆ ಹೇಳಿದ ಮೇಲೆ ಅವಳು ಹೋಗಬಹುದಾದ ಜಾಗವೊಂದು ಇರಲಿಲ್ಲ. ಶೀರ್ಷಿಕೆಯ 'ನಾನು' ಈ ಹೊಣೆಯನ್ನು ಹೊರುತ್ತದೆ. ಪೋನ ನಿರೂಪಕ ಕೊಂದೂ ತಾನು ಸರಿಯೆಂದು ವಾದಿಸುತ್ತಾನೆ. ಆನಂದರ ನಿರೂಪಕ ಕೊಲ್ಲದೆಯೂ ಕೊಂದೆನೆನ್ನುತ್ತಾನೆ.

ಹರಕೆ ಹೊತ್ತವರು, ಹರಕೆಯನ್ನು ಒಪ್ಪಿದ ಊರು, ಅತಿಥಿಗಳು ಎಲ್ಲರೂ ಪಾಲುದಾರರಾಗಿರುವ ಸಾವನ್ನು ಇಲ್ಲಿ ಒಬ್ಬನೇ ತನ್ನದೆಂದು ಒಪ್ಪಿಕೊಳ್ಳುತ್ತಾನೆ. ಹೊನ್ನಬಿಲ್ಲನ ಐತಿಹ್ಯದಲ್ಲಿ ಇಲ್ಲದಿರುವುದು ಇದೇ. ಅಲ್ಲಿ ಕೊಂದವರ ಪರವಾಗಿ 'ನಾನು' ಎನ್ನುವ ಒಂದು ದನಿಯೂ ಇಲ್ಲ. ಏಕವ್ಯಕ್ತಿ ರಂಗ ಈ ಖಾಲಿ ಜಾಗವನ್ನು ತುಂಬಬಲ್ಲದೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ರಂಗರೂಪದ ಪ್ರಶ್ನೆಗಳು

ಈ ಸಾಮಗ್ರಿಯನ್ನು ಏಕವ್ಯಕ್ತಿ ಪ್ರಯೋಗವಾಗಿಸುವವರು ಮೂರು ಸಂಗತಿಗಳನ್ನು ಗಮನಿಸಬೇಕಾಗುತ್ತದೆ.

ಮೊದಲನೆಯದು, ನಟ ಯಾರ ದನಿಯಲ್ಲಿ ಮಾತನಾಡಬೇಕು ಎಂಬುದು. ಹೊನ್ನಬಿಲ್ಲನ ಪ್ರೇತವನ್ನು ವೇದಿಕೆಗೆ ತಂದು ಅವನಿಂದಲೇ ಕಥೆ ಹೇಳಿಸುವುದು ಸುಲಭದ ದಾರಿ. ಆದರೆ ಐತಿಹ್ಯದ ಇಡೀ ಬಲ ಅವನು ಹಿಂದಿರುಗಲಿಲ್ಲ ಎಂಬುದರಲ್ಲಿದೆ. ಪ್ರೇತವಾಗಿ ಬಂದರೂ ಅವನು ಬಂದಂತೆಯೇ. ಆಗ ದೇವತೆಯ ಕಾಯುವಿಕೆ ಮುಗಿಯುತ್ತದೆ, ಕಥೆಯ ತರ್ಕವೇ ಕುಸಿಯುತ್ತದೆ. ಆದ್ದರಿಂದ ಹೇಳುವ ದನಿ ಉಳಿದವರದಾಗಿರಬೇಕು. ಅರಸ, ಮಂತ್ರಿ, ಗದ್ದೆಯ ಒಡೆಯ, ಹೊನ್ನಬಿಲ್ಲನ ಮನೆಯವರು, ಏರಿಯ ಮೇಲೆ ಕಾದಿರುವ ದೇವತೆ. ಒಬ್ಬನೇ ನಟ ಈ ಎಲ್ಲರ ಮಾತನ್ನೂ ಆಡಿದಾಗ ಹಲವರ ಅಪರಾಧ ಒಂದು ಬಾಯಿಗೆ ಬರುತ್ತದೆ. ಹೊನ್ನಬಿಲ್ಲನ ಜಾಗ ಮಾತ್ರ ಖಾಲಿಯಾಗಿರಬೇಕು. ಭಾಣದ ಆಕಾಶಭಾಷಿತ ಇಲ್ಲಿ ಹೊಸ ಉಪಯೋಗವನ್ನು ಪಡೆಯಬಲ್ಲದು. ನಟ ಖಾಲಿ ಜಾಗಕ್ಕೆ ಪ್ರಶ್ನೆ ಹಾಕುತ್ತಾನೆ. ಭಾಣದಲ್ಲಿ ಬರುವ ಉತ್ತರ ಇಲ್ಲಿ ಬರುವುದಿಲ್ಲ.

ಎರಡನೆಯದು ರಂಗಸಾಧನ. ಮಂಜಿನ ಯಂತ್ರ, ಕೆಂಪು ಬೆಳಕು, ಧ್ವನಿಮುದ್ರಿತ ಗೂಬೆಯ ಕೂಗು ಇವುಗಳಿಂದ ಗಾಥಿಕ್ ಹೊರರೂಪ ಬರಬಹುದು. ಈ ಸೀಮೆಯ ಒಂಟಿ ಕಲಾವಿದರು ಇವಾವುದರ ನೆರವಿಲ್ಲದೆ ಭಯವನ್ನು ಕಟ್ಟಿದ್ದಾರೆ. ಬುಡಬುಡಿಕೆಯವನಿಗೆ ಕತ್ತಲೂ ಮುಚ್ಚಿದ ಬಾಗಿಲೂ ಸಾಕು. ಒಡಪು ಹೇಳುವವನಿಗೆ ವಾದ್ಯ ನಿಂತ ಕ್ಷಣದ ನಿಶ್ಶಬ್ದ ಸಾಕು. ಕೇಳುಗನಿಗೆ ಕಾಣದ ದನಿಯನ್ನು ಮೊದಲು ಕೊಟ್ಟು ಅನಂತರ ಆ ದನಿಯ ದೇಹವನ್ನು ಬೆಳಕಿನಲ್ಲಿ ತೋರಿಸುವ ಬುಡಬುಡಿಕೆಯ ಕ್ರಮ ಆಧುನಿಕ ನಿರ್ದೇಶಕನಿಗೂ ಕಲಿಯಲು ಯೋಗ್ಯವಾದುದು. ಕಂಬಳಿಯೊಂದು, ತೂಬಿನ ಕೀಲಿನಂಥ ಮರದ ತುಂಡೊಂದು, ಲಾಟೀನೊಂದು ಈ ಕಥೆಗೆ ಸಾಕಾಗಬಹುದು.

ಮೂರನೆಯದು ಮತ್ತು ಮುಖ್ಯವಾದುದು ಹೊಣೆಗಾರಿಕೆ. ಹೊನ್ನಬಿಲ್ಲ ಒಂದು ಊರಿನ ನಂಬಿಕೆಯ ಭಾಗ. ಬುಡಬುಡಿಕೆ, ಸುಡುಗಾಡು ಸಿದ್ಧ ಸಮುದಾಯಗಳು ಇಂದಿಗೂ ನೆಲೆಗಾಗಿ, ಶಿಕ್ಷಣಕ್ಕಾಗಿ ಹೋರಾಡುತ್ತಿರುವ ಅಲೆಮಾರಿಗಳು. ಅವರ ವೇಷವನ್ನು ಭಯದ ಅಲಂಕಾರವಾಗಿ ಮಾತ್ರ ಬಳಸಿಕೊಂಡರೆ ಹಳೆಯ ಕಳಂಕವನ್ನೇ ಮತ್ತೊಮ್ಮೆ ಹಂಚಿದಂತಾಗುತ್ತದೆ. ಬಸವಿಯ ಕಥೆಯನ್ನು ರೋಚಕವಾಗಿಸಿದರೂ ಅದೇ ದೋಷ ತಗಲುತ್ತದೆ. ಪಡೆದುದಕ್ಕೆ ಪ್ರತಿಯಾಗಿ ಪ್ರಯೋಗ ಏನನ್ನು ಹಿಂದಿರುಗಿಸುತ್ತದೆ ಎಂಬ ಪ್ರಶ್ನೆಯನ್ನು ರಂಗತಂಡ ಮೊದಲೇ ಕೇಳಿಕೊಳ್ಳಬೇಕು. ಪ್ರದರ್ಶನ ಮೊದಲು ನಡೆಯಬೇಕಾದುದು ಸಖರಾಯಪಟ್ಟಣದಂಥ ಊರಿನಲ್ಲಿ, ಆ ನೀರಿನಿಂದ ಬೆಳೆ ತೆಗೆಯುವವರ ಮುಂದೆ. ಕಥೆಯ ಹಕ್ಕು ಅವರದೂ ಹೌದು, ಹೊಣೆಯೂ ಅವರದೂ ಹೌದು.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಮಾತುಗಳನ್ನು ಹೇಳಬಹುದು. ಗಾಥಿಕ್ ಕಥನ ಮತ್ತು ಏಕವ್ಯಕ್ತಿ ರಂಗ ಪರಸ್ಪರ ಒಗ್ಗುವುದು ಎರಡೂ ತಪ್ಪೊಪ್ಪಿಗೆಯ ದನಿಯನ್ನು ಆಶ್ರಯಿಸಿರುವುದರಿಂದ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಭಯವನ್ನು ನುಡಿಯುವ ಒಂಟಿ ಪ್ರದರ್ಶನದ ಕ್ರಮಗಳಿವೆ. ತೀರದ ಋಣವನ್ನು ಹೊತ್ತ ಐತಿಹ್ಯವಿದೆ. ಆ ಋಣವನ್ನು 'ನಾನು' ಎಂದು ಒಪ್ಪಿಕೊಂಡ ಕಥೆಯೂ ಇದೆ. ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದಾಗ ದೆವ್ವದ ಕಥೆಗಳ ಪಟ್ಟಿಗಿಂತ ಬೇರೆಯಾದ, ಆಳವಾದ ಹೋಲಿಕೆಯೊಂದು ದೊರೆಯುತ್ತದೆ. ಪಾಶ್ಚಾತ್ಯ ಗಾಥಿಕ್ ಕಥನದಲ್ಲಿ ಅಪರಾಧ ಒಂದು ಮನೆಯದು, ಒಬ್ಬನದು. ಇಲ್ಲಿ ಅದು ನೀರು ಹಂಚಿಕೊಂಡವರೆಲ್ಲರದು. ಹಾಗಾಗಿ ಈ ಕಥೆಯನ್ನು ಒಬ್ಬನೇ ಹೇಳಿದರೂ ಕೇಳುತ್ತ ಕುಳಿತವರು ಹೊರಗಿನವರಾಗಿ ಉಳಿಯುವುದಿಲ್ಲ.

ಸಂಶೋಧಕರ ಪಾಲಿನ ಕೆಲಸವೂ ಇದರಲ್ಲಿದೆ. ಕೆರೆಯ ಐತಿಹ್ಯಗಳ ಸಾರಾಂಶಗಳು ನಮ್ಮ ಗ್ರಂಥಾಲಯಗಳಲ್ಲಿ ಸಾಕಷ್ಟಿವೆ. ಅವುಗಳನ್ನು ಹೇಳುವ ದನಿ, ತಡೆ, ತಗ್ಗು, ಕೇಳುಗರ ಪ್ರತಿಕ್ರಿಯೆ ಇವುಗಳ ದಾಖಲೆ ಬಹಳ ವಿರಳ. ನೀರಗಂಟಿಗಳ ಕುಟುಂಬಗಳಲ್ಲಿ ಹೊನ್ನಬಿಲ್ಲನ ಕಥೆಯನ್ನು ಹೇಗೆ ಹೇಳುತ್ತಾರೆ, ಗದ್ದೆಯ ಒಡೆಯರ ಮನೆಗಳಲ್ಲಿ ಹೇಗೆ ಹೇಳುತ್ತಾರೆ ಎಂಬ ತೌಲನಿಕ ಸಂಗ್ರಹ ಆಗಬೇಕಾಗಿದೆ. 'ಕೊಂದರು' ಎಂಬ ಮಾತು ಎಲ್ಲಿ ಉಳಿದಿದೆ, 'ತಿರುಗಿ ಹೋಗಲಿಲ್ಲ' ಎಂಬ ಮಾತು ಎಲ್ಲಿ ಅದರ ಜಾಗಕ್ಕೆ ಬಂದಿದೆ ಎಂಬುದು ಆಗ ಸ್ಪಷ್ಟವಾದೀತು. ಹೇಳುವವರು ಇರುವಾಗಲೇ ಈ ಕೆಲಸ ನಡೆಯುವುದು ಅಗತ್ಯ.